ಸದಾಶಿವಯ್ಯನವರ ಬಾಯಲ್ಲಿ ಆನೆ

ಕಬ್ಬು ಸಿಗಿಯುವುದಕ್ಕೆ ಮಚ್ಚಿದೆ, ಕುಡುಗೋಲಿದೆ, ಅದೂ ಇಲ್ಲದಿದ್ದರೆ ಬಾಗಿಲ ಸಂದಿಯಾದರೂ ಇದೆ. ಆದರೆ ಸಂಕ್ರಾಂತಿಯ ಬೆಳಗ್ಗೆ ಚಾಮರಾಜಪುರಂ ವಠಾರದ ಅಂಗಳದಲ್ಲಿ ನಿಂತಿದ್ದ ಸದಾಶಿವಯ್ಯನವರಿಗೆ ಇದು ಯಾವುದೂ ನೆನಪಾಗಲಿಲ್ಲ. ಪಕ್ಕದ ಮನೆಯ ವಸಂತಮ್ಮ, "ಮಚ್ಚು ಎಲ್ಲೋಯ್ತೋ ಕಾಣೆ, ಎಳ್ಳಿನ ತಟ್ಟೆಗೆ ಕಬ್ಬು ತುಂಡು ಮಾಡ್ಬೇಕಿತ್ತಲ್ಲ" ಎಂದು ಗೊಣಗಿದ್ದೇ ತಡ, "ಇತ್ತ ಕೊಡಿ ತಾಯಿ, ಮಚ್ಚು ಯಾತಕ್ಕೆ, ನಾನಿಲ್ವೆ?" ಎಂದು ಆಳುದ್ದದ ಜಲ್ಲೆಯನ್ನು ಕಸಿದುಕೊಂಡು ಗಿಣ್ಣಿಗೇ ಬಾಯಿ ಹಾಕಿದರು.

ಹಾಗೆ ಬಾಯಿ ಹಾಕುವುದಕ್ಕೆ ಒಂದು ಕಾರಣವಿತ್ತು. ದೇವರು ಸದಾಶಿವಯ್ಯನವರಿಗೆ ಕೊಟ್ಟದ್ದು ಎರಡೇ. ನೋಡಿದವರು ನೋಡಿದಷ್ಟೇ ಬೇಗ ಮರೆತುಬಿಡುವ ಮುಖ, ಮತ್ತು ಯಾರೂ ಮರೆಯಲಾರದ ಹಲ್ಲು. ಮುಖದ ಪಾಡು ಹೇಳತೀರದು. ಅಂಚೆಯವನು ವರ್ಷಾನುಗಟ್ಟಲೆ ಅದೇ ಬಾಗಿಲಿಗೆ ಬಂದರೂ "ಸದಾಶಿವಯ್ಯ ಅಂತ ಇಲ್ಲಿ ಯಾರಾದ್ರೂ ಇದಾರಾ ಸ್ವಾಮಿ?" ಎಂದು ಅವರನ್ನೇ ಕೇಳುತ್ತಿದ್ದ. ನಂಜನಗೂಡಿನಲ್ಲಿ ಮದುವೆಯಾದ ದಿನ ಅತ್ತೆ ಚೆಲುವಮ್ಮನವರು ಆರತಿ ಹಿಡಿದು ಬಂದು, ಮದುಮಗನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಗೆಳೆಯನಿಗೆ ಬೆಳಗಿ, ಅವನ ಕಾಲು ತೊಳೆದು, "ಬಲಗಾಲಿಟ್ಟು ಬನ್ನಿ ಅಳಿಯಂದ್ರೇ" ಎಂದು ಒಳಗೆ ಕರೆದುಕೊಂಡು ಹೋಗಿದ್ದರು. ಮದುಮಗ ಬಾಸಿಂಗ ಕಟ್ಟಿಕೊಂಡು ಬಿಸಿಲಲ್ಲೇ ನಿಂತಿದ್ದ. ಅಂದಿನಿಂದ ಇಂದಿನವರೆಗೂ ಅತ್ತೆಯವರು ಬಂದಾಗಲೆಲ್ಲ ಮೊದಲು ಮಗಳ ಮುಖ ನೋಡಿ, ಮಗಳು ಯಾರ ಕಡೆ ಕೈ ತೋರಿಸುತ್ತಾಳೋ ಅವರನ್ನು ಅಳಿಯ ಎಂದುಕೊಳ್ಳುತ್ತಿದ್ದರು.

ಹಲ್ಲು ಮಾತ್ರ ಹಾಗಲ್ಲ. ಬಾಯಿ ತೆರೆದರೆ ದಾರಕ್ಕೆ ಪೋಣಿಸಿದ ಮಲ್ಲಿಗೆ ಮೊಗ್ಗು. ಬೀದಿಯವರು ಅವರನ್ನು ಗುರುತು ಹಿಡಿಯುತ್ತಿದ್ದುದೇ ನಕ್ಕಾಗ. ಆದ್ದರಿಂದ ಅವರು ಸಾವಿನ ಮನೆಗೆ ಹೋದರೂ ಸ್ವಲ್ಪ ನಗುತ್ತಿದ್ದರು.

ಮೇಟಗಳ್ಳಿಯ ಕಡೆ ಚನ್ನಬಸವಯ್ಯ ಎಂಬುವರ ಹಲ್ಲುಪುಡಿ ಕಾರ್ಖಾನೆಯಿತ್ತು. ಕಾರ್ಖಾನೆಯೆಂದರೆ ಒಂದು ತಗಡಿನ ಕೊಟ್ಟಿಗೆ. ಅದರ ಪುಡಿ ಕೋಣೆಯಲ್ಲಿ ಸದಾಶಿವಯ್ಯನವರು ಲವಂಗ, ಪಟಿಕ, ಸೀಮೆಸುಣ್ಣ ಕುಟ್ಟಿ ಜರಡಿ ಹಿಡಿಯುತ್ತ, ಸೀನುತ್ತ, ಸಂಜೆಗೆ ಅಕ್ಕಿ ಹಿಟ್ಟಿನಲ್ಲಿ ಹೊರಳಿದ ಇಲಿಯಂತೆ ಮನೆಗೆ ಬರುತ್ತಿದ್ದರು. ಹಿಂದಿನ ವಾರ ಯಜಮಾನರು ಎಲ್ಲರನ್ನೂ ಕರೆದು ಹೇಳಿದ್ದರು: "ಹಬ್ಬದ ಸಂಜೆ ನಾಲ್ಕಕ್ಕೆ ಎಲ್ರೂ ಫೋಟೋ ಸ್ಟುಡಿಯೋಗೆ ಬನ್ರಪ್ಪ. ಪೊಟ್ಟಣದ ಮೇಲೆ ನಿಮ್ಮಲ್ಲಿ ಒಬ್ಬರ ಬಾಯಿ ಹಾಕಿಸ್ತೀನಿ. ಯಾರ್ದು ಹಾಕಿಸ್ತೀನೋ ಅವರೇ ಇನ್ಮೇಲೆ ಅಂಗಡಿ ಅಂಗಡಿ ಸುತ್ತೋ ಏಜೆಂಟು. ಪೊಟ್ಟಣದ ಮುಖಾನೇ ಎದುರಿಗೆ ಬಂದು ನಿಂತ್ರೆ ಯಾವ ಅಂಗಡಿಯವನು ಬೇಡ ಅಂತಾನೆ?"

ಸದಾಶಿವಯ್ಯನವರಿಗೆ ಅಂದಿನಿಂದ ನೆಲ ಕಾಣಲಿಲ್ಲ. ಪುಡಿ ಕೋಣೆಯಿಂದ ಬಿಡುಗಡೆ. ತಲೆಗೆ ಟೋಪಿ, ಕೈಗೆ ಚೀಲ. ಎಲ್ಲಕ್ಕಿಂತ ಹೆಚ್ಚಾಗಿ, ಊರೂರಿನ ಅಂಗಡಿಯಲ್ಲಿ ತಮ್ಮ ಮುಖ! ಇನ್ನು ಯಾರು ಮರೆಯುತ್ತಾರೋ ನೋಡೋಣ. ಜೊತೆಯಲ್ಲಿ ಪುಡಿ ಕುಟ್ಟುತ್ತಿದ್ದ ಚಾಮಯ್ಯನಿಗೆ ಎತ್ತಿನ ಗಾಡಿಯ ಮೂಕಿ ಬಡಿದು ಮುಂದಿನ ಹಲ್ಲುಗಳು ಹೋಗಿ ಬಹಳ ಕಾಲವಾಗಿತ್ತು. "ಚಾಮಯ್ಯ, ನೀನು ಸುಮ್ನೆ ಮನೇಲಿರು ಕಣೋ. ನಿನ್ನ ಬಾಯಿ ನೋಡಿದ್ರೆ ಕ್ಯಾಮೆರಾ ಹೆದ್ರಿಕೊಂಡು ಓಡೋಗ್ತದೆ" ಎಂದು ಸದಾಶಿವಯ್ಯನವರು ಅವನನ್ನು ಗೇಲಿ ಮಾಡಿದ್ದರು. ಹೆಂಡತಿ ಮಹದೇವಮ್ಮನಂತೂ ತವರಿಗೆ ಹೇಳಿಕಳಿಸಿಬಿಟ್ಟಿದ್ದಳು, ಯುಗಾದಿಯ ಹೊತ್ತಿಗೆ ಇವರ ಪಟ ಪೊಟ್ಟಣದ ಮೇಲೆ ಬರುತ್ತದೆಂದು.

ಅಂಥ ಹಲ್ಲನ್ನು ನಾಲ್ಕು ಜನರೆದುರು ತೋರಿಸದೆ ಇರುವುದು ಹೇಗೆ? ಕಬ್ಬಿನ ಗಿಣ್ಣಿಗೆ ಹಲ್ಲು ಕಚ್ಚಿ ಎಳೆದರು. "ಲಟಕ್" ಎಂದಿತು.

"ಮುರೀತು ನೋಡಿ ಕಬ್ಬು!" ಎಂದು ವಸಂತಮ್ಮ ಹಿಗ್ಗಿದರು.

"ಕಬ್ಬಲ್ಲ," ಎಂದರು ಸದಾಶಿವಯ್ಯ.

ಮೇಲಿನ ಸಾಲಿನ ನಡು ಹಲ್ಲು ಹಳೇ ಮನೆಯ ಕಿಟಕಿ ಬಾಗಿಲಿನಂತೆ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು.

ವಠಾರದಲ್ಲಿ ಒಬ್ಬರ ಹಾಲು ಉಕ್ಕಿದರೆ ಎಂಟು ಮನೆಯವರು ಬಂದು ಒಲೆ ಊದುವ ಪದ್ಧತಿ. ಹಲ್ಲು ಅಲ್ಲಾಡಿದರೆ ಕೇಳಬೇಕೆ? ಒಂದು ಗಳಿಗೆಯಲ್ಲಿ ಸದಾಶಿವಯ್ಯನವರನ್ನು ಅಂಗಳದ ಒರಳುಕಲ್ಲಿನ ಮೇಲೆ ಕೂರಿಸಿ ಎಲ್ಲರೂ ಸರದಿಯ ಮೇಲೆ ಹಲ್ಲನ್ನು ಅಲ್ಲಾಡಿಸಿ ನೋಡಿದರು. ಮೊದಲು ಸ್ವಲ್ಪವೇ ಆಡುತ್ತಿದ್ದ ಹಲ್ಲು ಎಲ್ಲರೂ ನೋಡಿ ಮುಗಿಸುವ ಹೊತ್ತಿಗೆ ಚೆನ್ನಾಗಿಯೇ ಆಡತೊಡಗಿತು.

ವಠಾರಕ್ಕೆಲ್ಲ ಹಿರಿಯಳಾದ ದೇವಿರಮ್ಮಜ್ಜಿ ಮುಂದೆ ಬಂದಳು. "ಯಾರೂ ಮುಟ್ಟಬ್ಯಾಡಿ. ಅಲ್ಲಾಡೋ ಹಲ್ಲಿಗೆ ಪಕ್ಕದ ಗಟ್ಟಿ ಹಲ್ಲೇ ಗೂಟ. ಅವರೆ ಬಳ್ಳಿಗೆ ಕೋಲು ಕಟ್ಟಲ್ವಾ, ಅಂಗೆ ಕಟ್ಬೇಕು. ಮಾದೇವಿ, ಒಂದೆಳೆ ಪಟ್ಟೆ ದಾರ ತತ್ತಾ."

"ಪಟ್ಟೆ ದಾರ ಎಲ್ಲಿಂದ ತರ್ಲಿ ಅಜ್ಜಿ?"

"ನಿನ್ನ ಧಾರೆ ಸೀರೆ ಐತಲ್ಲ, ಅದ್ರ ಸೆರಗಿಂದ ಎಳಿ."

"ಅಯ್ಯೋ, ಅದು ಹದಿನಾರು ಮೊಳದ್ದು ಕಣಜ್ಜಿ!"

"ನಿನ್ನ ಗಂಡನ ಬಾಯೇನು ಹದಿನಾರು ಮೊಳ ಇಲ್ಲ. ಒಂದೆಳೆ ಸಾಕು."

ಎಳೆ ಬಂತು. ಅಜ್ಜಿ ಅಲ್ಲಾಡುವ ಹಲ್ಲನ್ನು ಎಡದ ಹಲ್ಲಿಗೂ ಬಲದ ಹಲ್ಲಿಗೂ ಸೇರಿಸಿ, ಹೂ ಕಟ್ಟುವ ಹಾಗೆ ಕಟ್ಟಿ ಗಂಟು ಹಾಕಿದಳು. ನಿಜ ಹೇಳಬೇಕೆಂದರೆ ಹಲ್ಲು ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಎದುರು ಮನೆಯ ರಾಮಯ್ಯನವರು ಇನ್ನೂ ಮಾತಾಡಿರಲಿಲ್ಲ.

ರಾಮಯ್ಯನವರು ನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿ ಪಿಂಚಣಿ ಪಡೆಯುತ್ತಿದ್ದವರು. ಪತ್ರಗಳ ಲಕೋಟೆಗೆ ದಾರ ಸುತ್ತಿ, ಅರಗು ಕಾಯಿಸಿ ಸುರಿದು, ಮೊಹರು ಒತ್ತುವುದೇ ಅವರ ಜೀವಮಾನದ ಕಸುಬಾಗಿತ್ತು. ಅವರು ಕನ್ನಡಕ ಏರಿಸಿ ಗಂಟನ್ನು ನೋಡಿ ತಲೆಯಾಡಿಸಿದರು. "ಗಂಟೇನೋ ಸರಿ. ಆದರೆ ಬರೀ ಗಂಟಿಗೆ ಏನು ಭದ್ರ? ಎಂಜಲಿಗೆ ನೆನೆದು ಸಡಿಲ ಆಗುತ್ತೆ. ಗಂಟಿನ ಮೇಲೆ ಒಂದು ತೊಟ್ಟು ಅರಗು ಬಿದ್ದರೆ ನ್ಯಾಯಾಲಯದಲ್ಲೂ ಅಲ್ಲಾಡೋದಿಲ್ಲ."

ಸದಾಶಿವಯ್ಯನವರು "ಬ್ಯಾ" ಎಂದರು. ಬಾಯಲ್ಲಿ ಅಜ್ಜಿಯ ಬೆರಳಿದ್ದುದರಿಂದ "ಬೇಡ" ಎಂಬುದು ಅಷ್ಟಕ್ಕೇ ನಿಂತಿತು. ರಾಮಯ್ಯನವರು ಅದನ್ನು "ಬನ್ನಿ" ಎಂದು ತೆಗೆದುಕೊಂಡರು. ದೀಪ, ಅರಗಿನ ಕಡ್ಡಿ, ಹಿತ್ತಾಳೆ ಮೊಹರು ಎಲ್ಲ ಬಂದವು. ತುಟಿಯನ್ನು ಎರಡು ಕಡೆ ಇಬ್ಬರು ಹಿಡಿದರು. ಒಂದು ತೊಟ್ಟು ಕೆಂಪು ಅರಗು ಗಂಟಿನ ಮೇಲೆ ಬಿತ್ತು. ಸದಾಶಿವಯ್ಯನವರ ಎರಡು ಕಾಲೂ ತಾವಾಗಿಯೇ ಮೇಲಕ್ಕೆದ್ದವು. ಅಷ್ಟಾದರೂ ಸಹಿಸಬಹುದಿತ್ತು. ಆದರೆ ಅರಗು ಕಂಡರೆ ರಾಮಯ್ಯನವರ ಬಲಗೈ ಅವರ ಮಾತು ಕೇಳುತ್ತಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಅದು ಮೊಹರನ್ನು ಎತ್ತಿ ದಪ್ಪನೆ ಒತ್ತಿಬಿಟ್ಟಿತು.

ಮೊಹರು ತೆಗೆದಾಗ ಅದರ ತುದಿಯಲ್ಲಿ ಅರಗು, ಅರಗಿನಲ್ಲಿ ಹಲ್ಲು, ಹಲ್ಲಿಗೆ ಪಟ್ಟೆ ದಾರದ ಬಾಲ.

"ಅಂಟಿಕೊಂಡು ಬಂತಲ್ಲ!" ಎಂದು ರಾಮಯ್ಯನವರು ಕಚೇರಿಯಲ್ಲಿ ಕೊಡವುತ್ತಿದ್ದಂತೆಯೇ ಮೊಹರನ್ನು ಜಾಡಿಸಿ ಕೊಡವಿದರು. ಹಲ್ಲು ಹಾರಿ ಹೋಗಿ ಮಕ್ಕಳು ತಿಂದು ಎಸೆದ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಬಿತ್ತು. ಆ ರಾಶಿಯ ಮುಂದೆ ಕೊಂಬಿಗೆ ಬಣ್ಣ ಬಳಿಸಿಕೊಂಡು, ಕೊರಳಿಗೆ ಹೂ ಹಾಕಿಸಿಕೊಂಡು ವಸಂತಮ್ಮನ ಹಸು ಗೌರಿ ನಿಂತಿತ್ತು. ಅದು ನಾಲಿಗೆ ಚಾಚಿ ಸಿಪ್ಪೆಯನ್ನು ಒಂದು ಸುತ್ತು ಬಾಚಿಕೊಂಡಿತು.

ಎಲ್ಲರೂ ಉಸಿರು ಹಿಡಿದು ನೋಡಿದರು. ಗೌರಿಯ ಬಾಯಲ್ಲಿ "ಕಟುಕ್" ಎಂದು ಒಂದು ಸದ್ದಾಯಿತು. ಅದು ಕಣ್ಣು ಅರೆಮುಚ್ಚಿ ಮೆಲ್ಲುತ್ತಲೇ ಇತ್ತು.

"ಬುಡು, ಹಬ್ಬದ ದಿನ ಗೋವಿನ ಹೊಟ್ಟೆ ಸೇರ್ತು. ಪುಣ್ಯವಂತ ಹಲ್ಲು," ಎಂದಳು ಅಜ್ಜಿ.

"ನಾಳೆ ಬೆಳಿಗ್ಗೆ ಸಗಣೀಲಿ ನೋಡಿ ಕೊಡ್ತೀನಿ ಕಣ್ರೀ, ಬೇಜಾರ್ ಮಾಡ್ಕೋಬ್ಯಾಡಿ," ಎಂದರು ವಸಂತಮ್ಮ.

"ಫೋಟೋ ಇವತ್ತು!" ಎಂದು ಸದಾಶಿವಯ್ಯನವರು ಗೋಳಾಡಿದರು. ಹೊಸ ಕಿಂಡಿಯಿಂದ ಗಾಳಿ ನುಗ್ಗಿ ಆ ಮಾತು ಕೊಳಲಿನ ಹಾಗೆ ಕೇಳಿಸಿತು.

ರಾಮಯ್ಯನವರಿಗೆ ಪಶ್ಚಾತ್ತಾಪವಾಯಿತು. ಒಳಗೆ ಹೋಗಿ ಹಿತ್ತಾಳೆ ಲೋಟದಲ್ಲಿ ನೀರಿನೊಳಗೆ ಮುಳುಗಿದ್ದ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ತಂದು ಮುಂದೆ ಹಿಡಿದರು. "ಸಂಜೆ ತನಕ ಇಟ್ಟುಕೊಳ್ಳಿ ಸದಾಶಿವಯ್ಯ. ಸಂಕೋಚ ಬೇಡ."

"ಆದ್ರೆ ನನಗೆ ಮಿಕ್ಕಿದ್ದೆಲ್ಲ ಇದೆಯಲ್ಲ ಸ್ವಾಮಿ! ಇದನ್ನ ಎಲ್ಲಿ ಇಟ್ಕೊಳ್ಳಿ?"

"ಮಿಕ್ಕಿದ್ದು ತೆಗೆಸಿಬಿಟ್ಟರೆ—" ಎಂದು ರಾಮಯ್ಯನವರು ಶುರು ಮಾಡುವಷ್ಟರಲ್ಲಿ ಅವರ ಹೆಂಡತಿ ಚಾಮುಂಡಮ್ಮ ಬಂದು ಲೋಟ ಕಿತ್ತುಕೊಂಡರು. "ಹಬ್ಬದ ದಿನ ಹಲ್ಲು ದಾನ ಮಾಡೋ ಕರ್ಣ ಬಂದ್ರು ನೋಡಿ! ಮಧ್ಯಾಹ್ನ ಕಡುಬಿಗೆ ಕೂತ್ಕೊಂಡು ಏನ್ಮಾಡ್ತೀರಿ, ಮೊಹರು ಒತ್ತೀರಾ?"

ಸದಾಶಿವಯ್ಯನವರು ಅಂಗವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಹಲ್ಲಿನ ಡಾಕ್ಟರ ಮನೆಗೆ ಓಡಿದರು. ಡಾಕ್ಟರು ಮಡಿಯಲ್ಲಿದ್ದರು. ಬಾಗಿಲಲ್ಲೇ ನಿಂತು ದೂರದಿಂದ ನೋಡಿ, "ಮೊದಲು ಗಾಯ ಒಣಗಬೇಕು. ಆಮೇಲೆ ಮೇಣದಲ್ಲಿ ಅಚ್ಚು ತೆಗೀಬೇಕು. ಆಮೇಲೆ ಅಂಗುಳಿಗೆ ಪ್ಲೇಟು ಕೂರಿಸಿ, ಅದಕ್ಕೆ ಹಲ್ಲು ಕೂರಿಸಬೇಕು. ಶಿವರಾತ್ರಿ ಕಳೆದ ಮೇಲೆ ಬನ್ನಿ" ಎಂದರು.

"ನಾಲ್ಕು ಗಂಟೆಗೆ ಫೋಟೋ ಇದೆ ಡಾಕ್ಟ್ರೇ."

"ಹಾಗಾದರೆ ಬಾಯಿ ಮುಚ್ಚಿಕೊಂಡು ತೆಗೆಸಿಕೊಳ್ಳಿ," ಎಂದು ಡಾಕ್ಟರು ಪೂಜೆಗೆ ಹೋದರು.

ತಿರುಗಿ ಬಂದವರನ್ನು ವಠಾರದ ಹಿತ್ತಿಲ ಮನೆಯ ಅಕ್ಕಸಾಲಿ ಕಾಳಾಚಾರಿ ತಡೆದ. ಅವನು ಟ್ರಂಕಿಗೆ ಬೀಗ ಹಾಕುತ್ತಿದ್ದ. "ನೋಡಿ, ನಾನು ಎರಡು ಗಂಟೆ ಬಸ್ಸಿಗೆ ಊರಿಗೆ ಹೊರಟಿದೀನಿ. ಸಂಜೆ ದನ ಕಿಚ್ಚು ಹಾಯಿಸ್ಬೇಕು. ಅಷ್ಟ್ರೊಳಗೆ ನೀವು ಎಲ್ಲಿಂದಾದ್ರೂ ಒಂದು ಹಲ್ಲು ತಂದ್ರೆ, ಬೆಳ್ಳಿ ತಂತೀಲಿ ಪಕ್ಕದ ಹಲ್ಲಿಗೆ ಕಟ್ಕೊಡ್ತೀನಿ. ವಾಲೆ ಕಟ್ಟೋನಿಗೆ ಹಲ್ಲು ಕಟ್ಟೋದು ಯಾವ ಲೆಕ್ಕ?"

"ಹಲ್ಲು ಎಲ್ಲಿ ಸಿಗುತ್ತಪ್ಪಾ?"

"ಮಂಡಿ ಮೊಹಲ್ಲಾದಲ್ಲಿ ಗೌಸ್ ಸಾಹೇಬರು ದಂತದ ಕೆಲಸ ಮಾಡ್ತಾರೆ. ನಮ್ಮೋರೆಲ್ಲ ಇವತ್ತು ಅಂಗಡಿ ಬಾಗಿಲು ಹಾಕಿದಾರೆ, ಅವರ್ದು ತೆಗ್ದಿರ್ತದೆ. ಓಡಿ!"

ಓಡಿದರು. ಮಂಡಿ ಮೊಹಲ್ಲಾದ ಓಣಿಯಲ್ಲಿ ಬೀಟೆ ಮರದ ಹೊಟ್ಟಿನ ನಡುವೆ ಗೌಸ್ ಸಾಹೇಬರು ಕುಳಿತಿದ್ದರು. ಮುಂದೆ ಒಂದು ಕರಿಯ ಮೇಜಿನ ಹಲಗೆ. ಅದರಲ್ಲಿ ತೋಡಿದ ಗುಣಿಗಳಿಗೆ ದಂತದ ಬಿಳಿ ಚೂರುಗಳನ್ನು ಕೂರಿಸಿ, ಪ್ರತಿ ಚೂರಿನ ಮೇಲೂ ಸಣ್ಣ ಉಳಿಯಿಂದ ಗೆರೆ ಕೊರೆದು, ಗೆರೆಗೆ ಕರಿ ಅರಗು ತುಂಬುತ್ತಿದ್ದರು. ಬಿಳಿ ಚೂರಾಗಿದ್ದದ್ದು ನೋಡನೋಡುತ್ತಿದ್ದಂತೆ ನವಿಲಾಗುತ್ತಿತ್ತು, ಜಿಂಕೆಯಾಗುತ್ತಿತ್ತು.

ಸದಾಶಿವಯ್ಯನವರು ಅಂಗವಸ್ತ್ರ ಸರಿಸಿ ಬಾಯಿ ತೋರಿಸಿದರು. ಸಾಹೇಬರು ಗಡ್ಡ ನೀವಿಕೊಂಡರು. "ದಸರಾ ಅಂಬಾರಿ ಮಾಡಿದೀನಿ, ಹುಲಿ ಮಾಡಿದೀನಿ. ಮನುಷ್ಯನ ಹಲ್ಲು ಇದೇ ಮೊದಲು ಸ್ವಾಮಿ. ಆದ್ರೆ ಇದು ಗುಣಿ, ಅದಕ್ಕೊಂದು ಬಿಳಿ ತುಂಡು ಕೂರಿಸೋದು. ನಾನು ದಿನಾ ಮಾಡೋದೂ ಅದೇ ತಾನೆ?" ಎಂದು ಬೆಂಕಿಕಡ್ಡಿಯಿಂದ ಕಿಂಡಿಯ ಅಳತೆ ತೆಗೆದುಕೊಂಡರು. "ನೀವು ಎದುರಿಗೆ ಕೂತು ಹೀಗೆ ಕಣ್ಣೀರು ಹಾಕಿದ್ರೆ ನನ್ನ ಕೈ ನಡುಗುತ್ತೆ. ಹೋಗಿ, ಮೂಲೆ ಅಂಗಡೀಲಿ ಚಹಾ ಕುಡಿದು ಬನ್ನಿ."

ಚಹಾ ಕುಡಿದು ಬರುವಷ್ಟರಲ್ಲಿ ಸಾಹೇಬರು ಕಾಗದದಲ್ಲಿ ಸುತ್ತಿದ ಸಣ್ಣ ಪೊಟ್ಟಣವನ್ನು ಕೈಗಿಟ್ಟರು. "ಹಬ್ಬದ ದಿನ ಮೊದಲ ಸಲ ಬಂದಿದೀರಿ. ಅರ್ಧ ಕೆಲಸ ಮಾಡಿ ಕಳಿಸಿದ್ರೆ ನಮ್ಮ ಉಸ್ತಾದರ ಆತ್ಮ ಮೆಚ್ಚುತ್ತಾ? ಪೂರ್ತಿ ಮಾಡಿಟ್ಟಿದೀನಿ."

ಬಿಚ್ಚಿ ನೋಡಲು ಹೊತ್ತೆಲ್ಲಿ? ಜಟಕಾ ಹತ್ತಿ ವಠಾರಕ್ಕೆ ಬಂದಾಗ ಕಾಳಾಚಾರಿ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡಾಗಿತ್ತು. ಇಳಿಸಿ, ಪೊಟ್ಟಣ ಬಿಚ್ಚಿ, ಹಲ್ಲನ್ನು ಬೆಳಕಿಗೆ ಹಿಡಿದು, "ಆಹಾ! ಕೆಲಸ ಅಂದ್ರೆ ಇದು!" ಎಂದ. ಸದಾಶಿವಯ್ಯನವರು ಕಣ್ಣು ಮುಚ್ಚಿ ಬಾಯಿ ತೆರೆದರು. ಕಾಳಾಚಾರಿ ಹಲ್ಲಿನ ಪಕ್ಕಕ್ಕೆ ಎರಡು ತೂತು ಕೊರೆದು, ಕೂದಲೆಳೆಯ ಬೆಳ್ಳಿ ತಂತಿ ಪೋಣಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದು, ತುದಿಯನ್ನು ಒಳಗಡೆ ಮುರುಚಿ ಮರೆಮಾಡಿದ. "ನನ್ನ ಇಕ್ಕಳ ಬಿಟ್ರೆ ಇದನ್ನ ಬ್ರಹ್ಮ ಬಂದ್ರೂ ಬಿಚ್ಚಕ್ಕಾಗಲ್ಲ. ಬರ್ತೀನಿ!" ಎಂದು ಟ್ರಂಕು ಹೊತ್ತು, ಇಕ್ಕಳದ ಸಮೇತ, ಬಸ್ಸಿಗೆ ಓಡಿದ.

ಸದಾಶಿವಯ್ಯನವರು ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿ ನಕ್ಕರು.

ಮಹದೇವಮ್ಮ ಬಗ್ಗಿ ನೋಡಿದಳು. ಇನ್ನೂ ಹತ್ತಿರ ಬಂದು ನೋಡಿದಳು. "ಏನೂಂದ್ರೆ," ಎಂದಳು ಮೆಲ್ಲಗೆ, "ನಿಮ್ಮ ಹಲ್ಲಲ್ಲಿ ಆನೆ ಇದೆ."

"ಏನಿದೆ?"

"ಆನೆ. ಸೊಂಡಿಲು ಎತ್ಕೊಂಡಿದೆ."

ಕನ್ನಡಿ ತಂದು ನೋಡಿದರೆ, ಹೌದು. ಹಾಲಿನಂಥ ಬಿಳಿ ಹಲ್ಲು, ಅದರ ನಡುವೆ ಸೂಜಿಮೊನೆಯಷ್ಟು ಕಣ್ಣು, ಬೆನ್ನಿಗೆ ಜೂಲಿನ ಬಟ್ಟೆ, ಅಂಬಾರಿ ಸಮೇತ ಒಂದು ಕಪ್ಪು ಆನೆ. ಬಿಳಿ ತುಂಡನ್ನು ಬರಿದಾಗಿ ಬಿಟ್ಟರೆ ಗೌಸ್ ಸಾಹೇಬರ ಕಸುಬಿನಲ್ಲಿ ಅದು ಅರ್ಧ ಕೆಲಸ.

ವಠಾರಕ್ಕೆ ಸುದ್ದಿ ಮುಟ್ಟಿತು. ಒರಳುಕಲ್ಲಿನ ಸುತ್ತ ಮತ್ತೆ ಜಾತ್ರೆ. "ಬಾಲ ತುಸು ಗಿಡ್ಡ ಆಯ್ತು," ಎಂದರು ರಾಮಯ್ಯನವರು. ದೇವಿರಮ್ಮಜ್ಜಿ, "ಹಬ್ಬದ ದಿನ ಆನೆ ಕಂಡ್ರೆ ಒಳ್ಳೇದು" ಎಂದು ಸದಾಶಿವಯ್ಯನವರ ಬಾಯಿಗೆ ಎರಡೂ ಕೈ ಮುಗಿದು, ಒಂದು ಬಾಳೆಹಣ್ಣನ್ನೂ ಮುಂದೆ ಹಿಡಿದಳು. ಅದನ್ನು ಆನೆಗೆ ಕೊಟ್ಟಳೋ ಅವರಿಗೆ ಕೊಟ್ಟಳೋ ತಿಳಿಯಲಿಲ್ಲ. ಚಾಮುಂಡಮ್ಮ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು, "ಇದರ ಮೇಲೆ ಬಳಿದ್ರೆ ಬಿಳಿ ಆನೆ ಆಗೋಗುತ್ತೆ, ಐರಾವತ!" ಎಂದು ಬೆರಳಿನಿಂದ ಹಚ್ಚಿದರು. ಸುಣ್ಣ ನಾಲಿಗೆಗೆ ಇಳಿದು ಸದಾಶಿವಯ್ಯನವರು ಅಂಗಳದಲ್ಲಿ ಎರಡು ಸುತ್ತು ಓಡಿದರು. ಬಾಯಿ ಮುಕ್ಕಳಿಸಿದ ಮೇಲೆ ಆನೆ ಮೈ ತೊಳೆಸಿಕೊಂಡ ಹಾಗೆ ಇನ್ನೂ ಕರ್ರಗೆ ಹೊಳೆಯಿತು.

ಗಂಟೆ ಮೂರೂವರೆ. ಆದದ್ದಾಗಲಿ ಎಂದು ಸದಾಶಿವಯ್ಯನವರು ವಿಭೂತಿ ಧರಿಸಿ, ಕೋಟು ತೊಟ್ಟು, ಸ್ಟುಡಿಯೋದ ದಾರಿ ಹಿಡಿದರು. ದಾರಿಯುದ್ದಕ್ಕೂ ಮೇಲ್ದುಟಿಯನ್ನು ಅರ್ಧ ಇಳಿಸಿ ನಗುವುದನ್ನು ಅಭ್ಯಾಸ ಮಾಡಿದರು. ಎದುರಿಗೆ ಬಂದ ಇಬ್ಬರು ರಸ್ತೆ ದಾಟಿ ಆಚೆ ಬದಿಗೆ ಹೋದರು.

ಸ್ಟುಡಿಯೋದಲ್ಲಿ ಅರಮನೆಯ ಚಿತ್ರ ಬರೆದ ಪರದೆಯ ಮುಂದೆ ಒಂದು ಕುರ್ಚಿ. ಕಾರ್ಖಾನೆಯವರು ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು. ಕೊನೆಯಲ್ಲಿ ಚಾಮಯ್ಯನೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ನಿಂತಿದ್ದ. "ಮನೇಲಿರು ಅಂದಿದ್ದೆನಲ್ಲೋ," ಎಂದು ಸದಾಶಿವಯ್ಯನವರು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು.

"ಯಜಮಾನ್ರು ಎಲ್ರೂ ಬನ್ನಿ ಅಂದ್ರಲ್ಲ ಅಣ್ಣೋ. ನಿಮ್ಮ ಪಟ ತೆಗೆಯೋದ ನೋಡವಾ ಅಂತ ಬಂದೆ," ಎಂದ ಚಾಮಯ್ಯ.

"ಎಲ್ಲಿ, ಸದಾಶಿವಯ್ಯ, ಮೊದಲು ನೀವೇ ಕೂತ್ಕೊಳ್ಳಿ, ಬೆಳಕು ನೋಡ್ಲಿ," ಎಂದರು ಚನ್ನಬಸವಯ್ಯನವರು. ಸದಾಶಿವಯ್ಯನವರು ಕೋಟಿನ ಗುಂಡಿ ಹಾಕಿಕೊಂಡರು. ಕುಳಿತರು.

"ನಗ್ರೀ."

ಅರ್ಧ ತುಟಿಯ ನಗೆ ನಕ್ಕರು.

"ಯಾಕ್ರೀ, ಹೊಟ್ಟೆ ನೋಯ್ತಿದೆಯಾ? ಬಾಯಿ ಬಿಟ್ಟು ನಗ್ರೀ!"

ಇನ್ನು ದಾರಿಯಿರಲಿಲ್ಲ. ಸದಾಶಿವಯ್ಯನವರು ಮನದೇವರನ್ನು ನೆನೆದು ಬಾಯಿ ಬಿಟ್ಟರು. ಕ್ಯಾಮೆರಾದ ಹಿಂದೆ ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದ ಫೋಟೋದವನು ಎಲ್ಲವನ್ನೂ ತಲೆಕೆಳಗು ತೋರಿಸುವ ಗಾಜನ್ನು ಎರಡು ಸಲ ಒರೆಸಿ ನೋಡಿದ. ಕೊನೆಗೆ ಬಟ್ಟೆಯ ಒಳಗಿನಿಂದ ದನಿ ಬಂತು. "ಸಾರ್, ಇಲ್ಲೊಂದು ಆನೆ ಕಾಣಿಸ್ತಿದೆ. ತಲೆಕೆಳಗಾಗಿ."

"ಏನ್ರೀ ಕುಡ್ದಿದೀರಾ?" ಎಂದು ಯಜಮಾನರೂ ಬಟ್ಟೆಯೊಳಗೆ ತಲೆ ತೂರಿಸಿದರು. ಒಳಗೆ ಇಬ್ಬರೂ ಪಿಸುಮಾತಾಡಿಕೊಂಡರು. ಯಜಮಾನರು ಹೊರಗೆ ಬಂದಾಗ ಅವರ ಟೋಪಿ ಓರೆಯಾಗಿತ್ತು. "ಹೌದು. ಆನೆ."

ಸದಾಶಿವಯ್ಯನವರು ಕುರ್ಚಿಯಿಂದ ಇಳಿದು ಕಾಲು ಹಿಡಿಯುವುದೊಂದು ಬಾಕಿ. ಕಬ್ಬು, ಪಟ್ಟೆ ದಾರ, ಮೊಹರು, ಗೌರಿ, ಗೌಸ್ ಸಾಹೇಬರು, ಕಾಳಾಚಾರಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಆನೆ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಮೊದಲಿನ ಹಾಗೇ ಇದೆ ಯಜಮಾನ್ರೇ! ನನ್ನ ಕೈಬಿಡಬೇಡಿ" ಎಂದರು.

ಚನ್ನಬಸವಯ್ಯನವರು ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮ! ಬೆಳಿಗ್ಗೆ ಹೋದ ಹಲ್ಲನ್ನ ಸಂಜೆ ಒಳಗೆ ಯಾರು ಕಟ್ಟಿಸ್ಕೋ ಅಂದ್ರು ನಿಮಗೆ? ನನಗೆ ಬೇಕಾಗಿದ್ದು ಹಾಳು ಬಾಯಿ ಕಣ್ರೀ!"

"ಹಾಳು ಬಾಯಾ?"

"ಮತ್ತೆ? ಪೊಟ್ಟಣದ ಮೇಲೆ ಎರಡು ಪಟ. ಎಡಗಡೆ 'ಪುಡಿ ಬಳಸುವ ಮೊದಲು', ಬಲಗಡೆ 'ಪುಡಿ ಬಳಸಿದ ನಂತರ'. ನಂತರದ ಪಟದ ಅಚ್ಚು ಬೊಂಬಾಯಿಂದ ತರಿಸಾಗಿದೆ. ಯಾರೋ ಹೆಣ್ಣುಮಗಳು, ಚೆನ್ನಾಗಿ ನಗ್ತಾಳೆ. ಮೊದಲಿನದಕ್ಕೆ ತಾನೆ ಇವತ್ತು ಜನ ಹುಡುಕ್ತಿರೋದು? ಎಲ್ರೂ ಬನ್ನಿ ಅಂದೆ, ಯಾರ ಬಾಯಿ ಕೆಟ್ಟದಾಗಿದೆಯೋ ನೋಡೋಣ ಅಂತ. ನಿಮ್ಮ ಹಲ್ಲು ಚೆಂದ ಅಂತ ನಿಮ್ಮನ್ನ ನಾನು ಎಣಿಕೆಗೇ ತಗೊಂಡಿರ್ಲಿಲ್ಲ. ಬರೀ ಬೆಳಕು ನೋಡೋಕೆ ಕೂರಿಸ್ದೆ!"

ಸದಾಶಿವಯ್ಯನವರು ಎದ್ದು ನಿಂತರು. ಕೂತರು. ಮತ್ತೆ ಎದ್ದರು. "ಯಜಮಾನ್ರೇ, ನನಗೂ ಹಲ್ಲಿಲ್ಲ! ಇದು ಸುಳ್ಳು ಹಲ್ಲು. ತೆಗೆದುಬಿಡಿ, ಕಿತ್ತುಬಿಡಿ, ಒಳಗೆ ಒಳ್ಳೇ ಕಿಂಡಿ ಇದೆ!"

ಯಜಮಾನರಿಗೆ ಕನಿಕರವಾಯಿತು. "ಆಯ್ತು. ಬೇಗ ತೆಗೀರಿ. ಬೆಳಕು ಹೋಗ್ತಿದೆ."

ಮೊದಲು ಬೆರಳಲ್ಲಿ ಎಳೆದರು. ಆಮೇಲೆ ಫೋಟೋದವನು ಮೊಳೆ ಕೀಳುವ ಇಕ್ಕಳ ತಂದ. ಒಬ್ಬನು ತಲೆ ಹಿಡಿದ, ಒಬ್ಬನು ಗದ್ದ ಹಿಡಿದ. ಚಾಮಯ್ಯ, "ಅಣ್ಣೋ, ವಸಿ ತಡ್ಕೊಳ್ಳಿ, ಗಾಡಿ ಮೂಕಿ ಆಗಿದ್ರೆ ಒಂದೇ ಏಟಿಗೆ ಆಗೋಗದು" ಎಂದು ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದ. ಸದಾಶಿವಯ್ಯನವರು ಕುರ್ಚಿ ಸಮೇತ ಅರಮನೆಯ ಪರದೆಯವರೆಗೂ ಹೋಗಿ ಬಂದರು. ಕುರ್ಚಿಯ ಕಾಲು ಬಿಚ್ಚಿಕೊಂಡಿತು. ಇಕ್ಕಳದ ಹಿಡಿ ಕಳಚಿತು. ಆನೆ ಮಾತ್ರ ಸೊಂಡಿಲು ಎತ್ತಿಕೊಂಡು ನಿಂತಲ್ಲೇ ನಿಂತಿತ್ತು. ಕಾಳಾಚಾರಿ ಕಟ್ಟಿದ್ದೆಂದರೆ ಕಟ್ಟಿದ್ದು. ಅವನೂ ಅವನ ಇಕ್ಕಳವೂ ಆ ಹೊತ್ತಿಗೆ ಊರಿನ ದಾರಿಯಲ್ಲಿದ್ದರು.

"ಸಾರ್, ಬಿಸಿಲು ಎದುರು ಮಹಡಿ ಹಿಂದೆ ಹೋಗ್ತಿದೆ, ಇನ್ನು ಹತ್ತು ನಿಮಿಷ ಬೆಳಕು," ಎಂದ ಫೋಟೋದವನು.

ಚನ್ನಬಸವಯ್ಯನವರು ಸುತ್ತ ನೋಡಿದರು. ಅವರ ಕಣ್ಣು ಚಾಮಯ್ಯನ ಮೇಲೆ ಬಿತ್ತು. ಎಳೆದಾಟದ ಆಯಾಸಕ್ಕೆ ಚಾಮಯ್ಯ ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದ. ಖಾಲಿ ಮನೆಯ ಹೆಬ್ಬಾಗಿಲು ತೆರೆದಿಟ್ಟ ಹಾಗೆ ಕಾಣುತ್ತಿತ್ತು.

"ಹಾಗೇ ಇರೋ! ಬಾಯಿ ಮುಚ್ಚಬೇಡ!" ಎಂದು ಯಜಮಾನರು ಕೂಗಿದರು.

ಹೀಗೆ ಚಾಮಯ್ಯ ಏಜೆಂಟನಾದ.

ಸದಾಶಿವಯ್ಯನವರು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಹದೇವಮ್ಮ ಎಲ್ಲವನ್ನೂ ಕೇಳಿ, "ಹಸು ತಿಂದಾಗ್ಲೇ ಸುಮ್ನೆ ಹೋಗಿ ಮಲಗಿದ್ರೆ ಇಷ್ಟೊತ್ತಿಗೆ ಏಜೆಂಟ್ ಆಗಿರ್ತಿದ್ರಿ" ಎಂದಳು. ಅಷ್ಟರಲ್ಲಿ ವಸಂತಮ್ಮ ರೇಷ್ಮೆ ಸೀರೆಯುಟ್ಟು ಎಳ್ಳಿನ ತಟ್ಟೆ ಹಿಡಿದು ಬಂದರು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಸದಾಶಿವಯ್ಯನೋರೇ. ತಕ್ಕಳಿ, ನಿಮಗೇ ಅಂತ ಈ ಸಕ್ಕರೆ ಅಚ್ಚು ತಂದೆ."

ಸಕ್ಕರೆ ಅಚ್ಚು ಆನೆಯದಾಗಿತ್ತು.

ಸದಾಶಿವಯ್ಯನವರಿಗೆ ಎಲ್ಲಿಲ್ಲದ ರೋಷ ಬಂತು. ಆನೆಯ ತಲೆಯನ್ನೇ ಬಾಯಿಗಿಟ್ಟು ಕಟಕ್ಕನೆ ಕಚ್ಚಿದರು. "ಟಿಂಗ್" ಎಂದಿತು. ಐದಾರು ಜನ ಸೇರಿ ಇಕ್ಕಳ ಹಾಕಿ ಜಗ್ಗಿದರೂ ಬಾರದ ದಂತದ ಹಲ್ಲು ತಾನಾಗಿಯೇ ಜಾರಿ ತಟ್ಟೆಯೊಳಗೆ ಬಿತ್ತು. ಎಳ್ಳು ಬೆಲ್ಲದ ನಡುವೆ ಈಗ ಎರಡು ಆನೆ. ಒಂದಕ್ಕೆ ತಲೆಯಿರಲಿಲ್ಲ.

ಯುಗಾದಿಗೆ ಹದಿನೈದು ದಿನ ಮೊದಲೇ ಹೊಸ ಪೊಟ್ಟಣ ಅಂಗಡಿಗೆ ಬಂತು. ಎಡಗಡೆ ಪುಡಿ ಬಳಸುವ ಮೊದಲಿನ ಚಾಮಯ್ಯ, ಕುರುಚಲು ಗಡ್ಡ, ಬೋಳು ಬಾಯಿ. ಬಲಗಡೆ ಪುಡಿ ಬಳಸಿದ ನಂತರ, ಮೂಗುತಿ ಇಟ್ಟು ಹೂ ಮುಡಿದು ನಗುವ ಬೊಂಬಾಯಿ ಹೆಣ್ಣು. ನೋಡಿದವರು ದಂಗಾದರು. ಗಂಡಸರು ಕೆಲವು ದಿನ ಪುಡಿ ಮುಟ್ಟುವುದಕ್ಕೇ ಹೆದರಿದರು. ದಟ್ಟಗಳ್ಳಿಯ ಕಡೆ ಒಬ್ಬನಂತೂ ಎರಡು ದಿನ ಹಲ್ಲುಜ್ಜಿ ಮೀಸೆ ಹಿಡಿದು ನೋಡಿಕೊಂಡನಂತೆ. ಆದರೆ ಪಟ ನೋಡುವುದಕ್ಕೆಂದೇ ಜನ ಕೊಂಡರು. ಚಾಮಯ್ಯ ಟೋಪಿ ಹಾಕಿಕೊಂಡು ಚೀಲ ಹಿಡಿದು ಓಡಾಡುತ್ತಿದ್ದರೆ ಬೀದಿಯೇ ಎದ್ದು ನೋಡುತ್ತಿತ್ತು. ಸದಾಶಿವಯ್ಯನವರು ಪುಡಿ ಕೋಣೆಯಲ್ಲಿ ಒಬ್ಬರೇ ಕುಟ್ಟಿ, ಒಬ್ಬರೇ ಸೀನಿ, ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಿದ್ದರು. ಡಾಕ್ಟರು ಹೇಳಿದ ಪ್ಲೇಟಿಗೆ ಇನ್ನೂ ದುಡ್ಡು ಹೊಂದಿರಲಿಲ್ಲ. ನಗು ಹೋದ ಮೇಲೆ ಬೀದಿಯವರಿಗೆ ಅವರ ಗುರುತೂ ಹೋಗಿತ್ತು.

ಯುಗಾದಿ ಹಬ್ಬದ ದಿನ ನಂಜನಗೂಡಿನಿಂದ ಅತ್ತೆ ಚೆಲುವಮ್ಮನವರು ಒಬ್ಬಟ್ಟಿನ ಡಬ್ಬಿ ಹಿಡಿದು ಬಂದಿಳಿದರು. ಬಾಗಿಲಲ್ಲಿ ಚಾಮಯ್ಯ ನಿಂತಿದ್ದ. ಯಜಮಾನರು ಕೆಲಸದವರಿಗೆಲ್ಲ ಹಬ್ಬಕ್ಕೆಂದು ಕೊಟ್ಟ ಪೊಟ್ಟಣವನ್ನು ಕೊಟ್ಟುಹೋಗಲು ಬಂದಿದ್ದ. ಅತ್ತೆಯವರು ಅವನ ಮುಖ ನೋಡಿದರು. ಈ ಸಲ ಮಗಳ ಕಡೆ ತಿರುಗುವ ಅಗತ್ಯವೇ ಬೀಳಲಿಲ್ಲ. ಮುಖ ಅರಳಿತು.

"ಬನ್ನಿ ಬನ್ನಿ ಅಳಿಯಂದ್ರೇ! ಊರಲ್ಲೆಲ್ಲ ನಿಮ್ಮದೇ ಮಾತು. ಮನೆಮನೆಗೂ ನಿಮ್ಮ ಪಟ ತೋರಿಸಿ ಸಾಕಾಗೋಯ್ತು!" ಎಂದು ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಎಲೆ ಹಾಸಿ, ಎರಡು ಒಬ್ಬಟ್ಟು ಬಡಿಸಿ ಮೇಲೆ ತುಪ್ಪ ಸುರಿದರು.

ಚಾಮಯ್ಯ ಸದಾಶಿವಯ್ಯನವರ ಮುಖ ನೋಡಿದ. ಒಬ್ಬಟ್ಟಿನ ಮುಖ ನೋಡಿದ. ಒಬ್ಬಟ್ಟು ಮೆತ್ತಗಿತ್ತು. ಕುಳಿತುಬಿಟ್ಟ.

ಮಹದೇವಮ್ಮ "ಅವ್ವಾ, ಅವ್ವಾ" ಎನ್ನುತ್ತಲೇ ಇದ್ದಳು. ಚೆಲುವಮ್ಮನವರು ಕೇಳಿಸಿಕೊಳ್ಳದೆ, ಗೋಡೆಗೊರಗಿ ಬಾಯಿ ತೆರೆದು ನಿಂತಿದ್ದ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿ ಮರುಗಿದರು.

"ಇವರು ಯಾರೇ ಮಾದೇವಿ? ಪಾಪ, ಮುಂದಿನ ಹಲ್ಲೇ ಇಲ್ವಲ್ಲ. ಇವರಿಗೂ ನಮ್ಮ ಅಳಿಯಂದ್ರ ಪುಡಿ ಒಂದು ಪೊಟ್ಟಣ ಕೊಟ್ಟು ಕಳಿಸು."